ಮುಚ್ಚಳ ಕೂತರೆ ಕೆಲಸ ಬಂತು

ಗೌರಿ ಹಬ್ಬದ ಬಾಗಿನಕ್ಕೆ, ದೇವರ ಮನೆಯ ಗೂಡಿಗೆ, ಎಲೆಯಡಿಕೆ ತಟ್ಟೆಗೆ ಮರದ ಪುಟ್ಟ ಭರಣಿ ಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ ಅದು ಇದೆ. ಅದನ್ನು ಕಡೆಯುವ ಕೈ ಮಾತ್ರ ಚನ್ನಪಟ್ಟಣದಲ್ಲಿದೆ. ಆ ಕಸುಬು ಕೈಗೆ ಹತ್ತುವುದು ಹೇಗೆ? ನಮ್ಮ ಸೀಮೆಗೆ ಅದು ಬರಬಾರದೇಕೆ?

ಮೋಟರು ಗುಂಯ್‌ಗುಡುತ್ತಿದೆ. ಲೇಥಿನ ಬಾಯಲ್ಲಿ ಸಿಕ್ಕಿಕೊಂಡ ಬಿಳಿ ಮರದ ತುಂಡು ಎಷ್ಟು ಜೋರಾಗಿ ಸುತ್ತುತ್ತಿದೆಯೆಂದರೆ, ನಿಂತೇ ಇದೆಯೇನೋ ಅನ್ನಿಸುತ್ತದೆ. ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ಬಟ್ಟೆಯೊಳಗೆ ಕಟ್ಟಿಕೊಂಡ ಹೆಣ್ಣುಮಗಳು ಉಳಿಯ ತುದಿಯನ್ನು ಮರಕ್ಕೆ ತಾಗಿಸುತ್ತಾಳೆ. ಬಿಳಿ ಹೊಟ್ಟು ಮೊಣಕೈವರೆಗೆ ಚಿಮ್ಮುತ್ತದೆ.

ಮೋಟರು ನಿಲ್ಲುತ್ತದೆ. ಪಕ್ಕದಲ್ಲಿಟ್ಟ ಮುಚ್ಚಳವನ್ನು ಎತ್ತಿ ಡಬ್ಬಿಯ ಕೊರಳಿಗೆ ತೊಡಿಸಿ ನೋಡುತ್ತಾಳೆ. ಕೂರುವುದಿಲ್ಲ. ಮತ್ತೆ ಮೋಟರು, ಮತ್ತೆ ಉಳಿ, ಮತ್ತೆ ಮುಚ್ಚಳ. ಈ ಸಲ ಅರ್ಧ ಇಳಿದು ನಿಂತಿತು. ಇನ್ನು ತೆಗೆಯಬೇಕಾದದ್ದು ಕೂದಲೆಳೆಯಷ್ಟು. ಅದನ್ನು ತೆಗೆಯುವಾಗ ಕೈ ಕೊಂಚ ಭಾರವಾದರೂ ಮುಚ್ಚಳ ಲಬಕ್ ಲಬಕ್ ಎನ್ನುತ್ತದೆ. ಅಲ್ಲಿಯವರೆಗಿನ ಕೆಲಸವೆಲ್ಲ ಹೊಟ್ಟಿನ ರಾಶಿಗೆ ಹೋಗುತ್ತದೆ.

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ, ಮೈಸೂರು ಹೆದ್ದಾರಿಯ ಚನ್ನಪಟ್ಟಣದಲ್ಲಿ ಇದು ನಿತ್ಯದ ನೋಟ. ಗೊಂಬೆಗಳ ಊರು ಎಂದು ಹೆಸರಾದ ಇಲ್ಲಿ ಗೊಂಬೆಯಷ್ಟೇ ಹಳೆಯದು ಭರಣಿಯ ಕೆಲಸ. ಕುಂಕುಮದ ಭರಣಿ, ಅರಿಸಿನದ ಬಟ್ಟಲು, ಒಡವೆ ಡಬ್ಬಿ, ಅಡಿಕೆ ಡಬ್ಬಿ. ಅಂಗಡಿಯಲ್ಲಿ ಗೊಂಬೆಗಳ ಬಣ್ಣಕ್ಕೆ ಮರುಳಾದ ನಮ್ಮ ಕಣ್ಣು ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಕಲಿಯುವವರ ಕಣ್ಣಿನಿಂದ ನೋಡಿದರೆ ದೊಡ್ಡ ಪರೀಕ್ಷೆ ಈ ಪುಟ್ಟ ಡಬ್ಬಿಯೇ. ಗೊಂಬೆಯ ಹೊಟ್ಟೆ ಒಂದಿಷ್ಟು ದಪ್ಪವಾದರೂ ಗೊಂಬೆ ಗೊಂಬೆಯೇ. ಮುಚ್ಚಳ ಕೂರದ ಡಬ್ಬಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

ನಮ್ಮ ಸೀಮೆಯಲ್ಲಿ ಕಡೆದ ಕಲ್ಲು

ದಾವಣಗೆರೆ ಜಿಲ್ಲೆಯ ನಮಗೆ ತಿರುಗಿಸಿ ಕಡೆಯುವ ಕೆಲಸ ಹೊರಗಿನದೇನಲ್ಲ. ಹೊನ್ನಾಳಿಯನ್ನು ದಾಟಿದ ತುಂಗಭದ್ರೆ ಕೆಳಗೆ ಹರಿದು ಹರಿಹರ ಮುಟ್ಟುತ್ತಾಳೆ. ಅಲ್ಲಿನ ಹರಿಹರೇಶ್ವರ ದೇವಸ್ಥಾನವನ್ನು 1223-24ರ ಹೊತ್ತಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅದರ ಮಂಟಪದ ಕಂಬಗಳ ಮುಂದೆ ನಿಂತು ನೋಡಿ. ಬಳೆ ಜೋಡಿಸಿದಂತೆ ಉಬ್ಬು ತಗ್ಗುಗಳು, ಗಂಟೆಯಾಕಾರದ ನಡು, ಚಾಕುವಿನಂತೆ ಚೂಪಾದ ಅಂಚುಗಳು. ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದ ಕೆಲಸವದು. ಟನ್‌ಗಟ್ಟಲೆ ತೂಗುವ ಕಲ್ಲನ್ನೇ ತಿರುಗಿಸಿದ ನೆಲ ನಮ್ಮದು. ಅಂಗೈಯಗಲದ ಮರದ ಡಬ್ಬಿಯನ್ನು ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆಯಿಂದ ತರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮರದ ಲೇಥ್ ಕೂಡ ನಮ್ಮ ಪೇಟೆಗಳಿಗೆ ಹೊಸದಲ್ಲ. ಮಂಚದ ಕಾಲು, ತೊಟ್ಟಿಲ ಕಂಬಿ, ಮೆಟ್ಟಿಲ ಕಟಕಟೆಯ ಗುಂಡುಗಂಬ, ಲಟ್ಟಣಿಗೆ ಇವೆಲ್ಲ ಬಡಗಿಯವರ ಲೇಥಿನಿಂದಲೇ ಇಳಿದು ಬಂದವು. ಆದರೆ ಇವೆಲ್ಲ ಹೊರಮೈ ಕೆಲಸ. ತುಂಡಿನ ಎರಡೂ ತುದಿಗಳನ್ನು ಲೇಥಿನ ಎರಡು ಮೊನೆಗಳ ನಡುವೆ ಕಚ್ಚಿಸಿ, ಹೊರಗಿನಿಂದ ಸವರಿದರಾಯಿತು. ಡಬ್ಬಿಗೆ ಒಳಮೈ ಉಂಟು. ಒಂದು ತುದಿಯನ್ನಷ್ಟೇ ಹಿಡಿದು, ಇನ್ನೊಂದು ತುದಿಯಿಂದ ಒಳಹೊಕ್ಕು ತೋಡಬೇಕು. ಮಂಚದ ಕಾಲಿನಲ್ಲಿ ಪಳಗಿದ ಕೈಗೂ ಇಲ್ಲಿ ಹೊಸದಾಗಿ ಕಲಿಯುವುದಿದೆ.

ಪಕ್ಕದ ಸಾಗರ, ಸೊರಬಗಳ ಗುಡಿಗಾರರ ಗಂಧದ ಪೆಟ್ಟಿಗೆಗಳು ಲೋಕಪ್ರಸಿದ್ಧ. ಆ ದಾರಿ ಬೇರೆ. ಹಲಗೆ ಕೂಡಿಸಿ, ಮೇಲೆ ಬಳ್ಳಿ ಹೂವು ಕೆತ್ತುವುದು ಅವರ ಕಸುಬು. ಅವರ ಪೆಟ್ಟಿಗೆಗೆ ಮೂಲೆಗಳಿವೆ. ಲೇಥಿನ ಡಬ್ಬಿಗೆ ಮೂಲೆಯೇ ಇಲ್ಲ.

> ಟಿಪ್ಪುವಿನಿಂದ ಬಾವಾಸ್ ಮಿಯಾನ್‌ವರೆಗೆ
> ಅರಗಿನ ಬಣ್ಣದ ಕೆಲಸ ಕಲಿಸಲು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ಬಂದ ಮಾತು. ಜಪಾನಿನ ವಿಧಾನಗಳನ್ನು ಅಳವಡಿಸಿ ಕಸುಬನ್ನು ಬೆಳೆಸಿದ ಬಾವಾಸ್ ಮಿಯಾನ್ ಅವರನ್ನು ಊರು ಚನ್ನಪಟ್ಟಣ ಗೊಂಬೆಗಳ ಪಿತಾಮಹರೆಂದು ನೆನೆಯುತ್ತದೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. 2015ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದ ಮೇಲೆ ಸಾಗಿದ ಕರ್ನಾಟಕದ ಸ್ತಬ್ಧಚಿತ್ರವೂ ಇವುಗಳದೇ.

ಹಾಲು ಬಿಳುಪಿನ ಮರ

ಎಲ್ಲ ಶುರುವಾಗುವುದು ಮರದಿಂದ. ಚನ್ನಪಟ್ಟಣದವರ ಮೆಚ್ಚಿನ ಮರ ಆಲೆ; ಕೆಲವೆಡೆ ಹಾಲೆ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ರೈಟಿಯಾ ಟಿಂಕ್ಟೋರಿಯಾ. ಎಲೆ ಕಿತ್ತರೆ ಹಾಲು ಒಸರುತ್ತದೆ, ಬಿಳಿ ಹೂವು, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಜೋಡಿ ಕಾಯಿ. ಮರ ದಂತದಂತೆ ಬಿಳುಪು, ಎಳೆ ಬಹಳ ನಯ, ಉಳಿಗೆ ಬೆಣ್ಣೆಯಂತೆ ಒದಗುತ್ತದೆ. ಹಸಿ ದಿಮ್ಮಿಯನ್ನು ಕೊಯ್ದು, ತೊಗಟೆ ತೆಗೆದು, ಎರಡು ಮೂರು ತಿಂಗಳು ನೆರಳಲ್ಲಿ ಒಣಗಿಸಿದ ಮೇಲೆಯೇ ಕೆಲಸಕ್ಕೆ ಇಳಿಯುವುದು. ಆಲೆ ಸಾಲದೆ ಬಂದಾಗ ರಬ್ಬರ್ ಮರವನ್ನೂ ಬಳಸುತ್ತಾರೆ.

ಆಲೆ ಮಳೆ ಕಡಿಮೆಯ ಕುರುಚಲು ಕಾಡಿನ ಮರ. ಜಗಳೂರಿನಂಥ ಬಯಲುಸೀಮೆಯ ನೆಲಕ್ಕೆ ಒಗ್ಗುವ ಜಾತಿ. ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳಿಗೆ ಮೀಸಲಾದ ಅಭಯಾರಣ್ಯ. ಅಲ್ಲಿನ ಒಂದು ಕಡ್ಡಿಗೂ ಕೈ ಹಾಕುವಂತಿಲ್ಲ, ಹಾಕಲೂಬಾರದು. ಆದರೆ ಹೊಲದ ಬದುವಿಗೆ ಯಾವ ಅಡ್ಡಿ? ಡಬ್ಬಿಗೆ ಬೇಕಾದದ್ದು ತೊಲೆಯಲ್ಲ, ತೋಳಿನ ದಪ್ಪದ ಕೊಂಬೆ. ಬದುವಿನ ಮರವನ್ನು ಬುಡಕ್ಕೆ ಕಡಿಯದೆ, ರೆಂಬೆ ಸವರಿಕೊಂಡೇ ವರ್ಷಕ್ಕಿಷ್ಟು ಡಬ್ಬಿಯ ಮರ ಪಡೆಯಬಹುದು.

ಚನ್ನಗಿರಿ ಕಡೆಯವರು ಥಟ್ಟನೆ ಕೇಳುವ ಪ್ರಶ್ನೆ: ಅಡಿಕೆ ಮರ ಆಗುವುದಿಲ್ಲವೇ? ತೋಟಗಳಲ್ಲಿ ಮುದಿ ಮರಗಳಿಗೆ ಬರವಿಲ್ಲ. ಆದರೆ ಅಡಿಕೆಗೆ ಸುತ್ತಲೂ ಗಟ್ಟಿ ನಾರಿನ ಚಿಪ್ಪು, ನಡುವೆ ಬೆಂಡು. ಒಳಮೈ ತೋಡಲು ಹೋದರೆ ಬೆಂಡು ಪುಡಿಯಾಗಿ ಉದುರುತ್ತದೆ, ನಾರು ಎದ್ದು ಬೆರಳಿಗೆ ಚುಚ್ಚುತ್ತದೆ. ಪುಟ್ಟ ಡಬ್ಬಿಗೆ ಅದು ಹೇಳಿದ್ದಲ್ಲ. ಕಲಿಯುವವರಿಗೆ ಆಲೆ ಸಿಗದಿದ್ದರೆ ಚೆನ್ನಾಗಿ ಒಣಗಿದ ಮಾವು, ಹಲಸು, ಬೇವು ಸಾಕು. ಹುಣಸೆ ಕಲ್ಲಿನಂಥದು, ಅದು ಕೈ ಪಳಗಿದ ಮೇಲೆ.

ಹೊರಗೆ ಗಾಳಿ, ನಡುವೆ ಸೊನ್ನೆ

ಚನ್ನಪಟ್ಟಣದ ಹಳೆಯ ಪದ್ಧತಿಯಲ್ಲಿ ಲೇಥ್ ನೆಲದ ಮೇಲೆಯೇ ಇತ್ತು. ಕಸುಬುದಾರ ಕೂತು ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತಿದ್ದ. ಬಿಲ್ಲಿನ ಹಗ್ಗ ಕದಿರನ್ನು ಅತ್ತಿತ್ತ ತಿರುಗಿಸುತ್ತಿತ್ತು. ಮುಂದಕ್ಕೆ ತಿರುಗಿದಾಗ ಉಳಿ ತಾಗಿಸುವುದು, ಹಿಂದಕ್ಕೆ ತಿರುಗಿದಾಗ ಬಿಡುವುದು. ಇನ್ನೊಂದು ಕೈಗೆ ಕಾಲಿನ ಬೆರಳುಗಳ ಆಸರೆ. ಕರೆಂಟು ಬಂದ ಮೇಲೆ ಮರ ಒಂದೇ ದಿಕ್ಕಿಗೆ ಸುತ್ತತೊಡಗಿತು, ಎರಡು ಕೈಗಳೂ ಉಳಿಗೆ ಬಿಡುವಾದವು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಇಲ್ಲಿ ಅರಗಿನ ಕುಶಲಕಲೆಗೆಂದೇ ಸಂಕೀರ್ಣ ನಡೆಸಿ, ಲೇಥ್ ಒದಗಿಸಿ ಕಲಿಸಿದ್ದರಿಂದ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಈ ಕೆಲಸಕ್ಕೆ ಬಂದರು. ಅಪ್ಪನಿಂದ ಮಗನಿಗಷ್ಟೇ ಹೋಗುತ್ತಿದ್ದ ವಿದ್ಯೆಗೆ ಇದರಿಂದ ಬಾಗಿಲು ತೆರೆಯಿತು. ಚನ್ನಪಟ್ಟಣದ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟ್ಟ ಇದೇ.

ಲೇಥಿನ ತಲೆಯ ಕೊಳವೆಗೆ ಮರದ ತುಂಡನ್ನು ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂರಿಸುತ್ತಾರೆ. ಮೊದಲು ಹೊರಮೈ ದುಂಡಗಾಗಬೇಕು. ಅದು ಬೇಗ ಕೈಗೆ ಬರುತ್ತದೆ. ತೋಡುವುದು ಶುರುವಾದಾಗ ಕಷ್ಟ ಎದುರಾಗುತ್ತದೆ.

ಒಂದು ಲೆಕ್ಕ ನೋಡಿ. ಏಳೂವರೆ ಸೆಂ.ಮೀ. ಅಗಲದ ತುಂಡು ನಿಮಿಷಕ್ಕೆ 1,500 ಸುತ್ತು ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಆರು ಮೀಟರಿನಷ್ಟು ದೂರ ಓಡುತ್ತದೆ. ಒಳಕ್ಕೆ ಬಂದಂತೆ ವೇಗ ಇಳಿಯುತ್ತದೆ. ನಟ್ಟನಡುವಿನ ಬಿಂದುವಿನಲ್ಲಿ ವೇಗವೇ ಇಲ್ಲ. ಒಂದೇ ಉಳಿ, ಒಂದೇ ಮರ; ಅಂಚಿನಲ್ಲಿ ಸೊಗಸಾಗಿ ಕೊಯ್ಯುವ ಉಳಿ ನಡುವಿನಲ್ಲಿ ಮರವನ್ನು ಜಜ್ಜುತ್ತದೆ. ಅದಕ್ಕೇ ತಿಳಿದವರು ಮೊದಲು ನಡುವೆ ಒಂದು ತೂತು ಕೊರೆದು, ಅಲ್ಲಿಂದ ಅಂಚಿನ ಕಡೆಗೆ ಉಳಿ ನಡೆಸುತ್ತಾರೆ. ಹಾಗೆ ನಡೆಸಿದಾಗ ಕತ್ತರಿಸಿಕೊಳ್ಳುವ ಪ್ರತಿ ಎಳೆಗೂ ಹಿಂದಿನ ಎಳೆ ಒತ್ತಾಸೆಯಾಗಿ ನಿಲ್ಲುತ್ತದೆ, ಒಳಗೋಡೆ ನುಣ್ಣಗೆ ಬರುತ್ತದೆ. ಅಂಚಿನಿಂದ ನಡುವಿಗೆ ಎಳೆದರೆ ಎಳೆಗಳು ಕಿತ್ತೇಳುತ್ತವೆ. ಆಮೇಲೆ ಎಷ್ಟು ಉಪ್ಪುಕಾಗದ ಉಜ್ಜಿದರೂ ಆ ಒರಟು ಹೋಗದು.

ಕಲಿಯುವವರು ಮೊದಲು ಕಲಿಯಬೇಕಾದದ್ದು ಉಳಿಗಿಂತ ಮುಂಚಿನದು: ಮೈಮೇಲೆ ಜೋಲಾಡುವುದೇನೂ ಇರಬಾರದು. ದುಪಟ್ಟಾ, ಸೆರಗು, ತುಂಬು ತೋಳು, ಬಿಚ್ಚಿದ ಜಡೆ, ಕೈಯ ದಾರ, ಎಲ್ಲವೂ ಲೇಥಿಗೆ ಆಹಾರ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ನುಣ್ಣನೆಯ ಮರದ ಧೂಳು ವರ್ಷಗಟ್ಟಲೆ ಎದೆಗೆ ಇಳಿದರೆ ಉಬ್ಬಸ ತಪ್ಪಿದ್ದಲ್ಲ. ಹಳಬರಲ್ಲಿ ಅನೇಕರು ಇದನ್ನು ಲೆಕ್ಕಕ್ಕೆ ಇಟ್ಟವರಲ್ಲ. ಹೊಸಬರು ಇಡಬೇಕು.

ಮೊದಲು ಮುಚ್ಚಳ, ಆಮೇಲೆ ಡಬ್ಬಿ

ನೋಡುವವರಿಗೆ ಡಬ್ಬಿ ಮೊದಲು, ಮುಚ್ಚಳ ಕೊನೆಗೆ. ಕಡೆಯುವವರಿಗೆ ಕ್ರಮ ತಿರುಗುಮುರುಗು. ಒಂದೇ ತುಂಡಿನಿಂದ ಮುಚ್ಚಳದ ಭಾಗವನ್ನು ಕತ್ತರಿಸಿ, ಅದರ ಒಳಮೈಯನ್ನು ಮೊದಲು ಮುಗಿಸುತ್ತಾರೆ. ಒಳಗಿನ ಅಂಚು ನೆಟ್ಟಗೆ ಇಳಿದಿರಬೇಕು; ಬಾಯಿ ಅಗಲ, ಒಳಗೆ ಕಿರಿದು ಎಂಬಂತಾಗಬಾರದು. ಆಮೇಲೆ ಡಬ್ಬಿಗೆ ಕೊರಳು ತೆಗೆಯುವುದು.

ಕಾರಣ ಸರಳ. ಮುಚ್ಚಳದ ಒಳಗನ್ನು ಕೂದಲೆಳೆಯಷ್ಟು ಹಿಗ್ಗಿಸುವುದಕ್ಕಿಂತ, ಕಣ್ಣೆದುರೇ ಇರುವ ಕೊರಳನ್ನು ಕೂದಲೆಳೆಯಷ್ಟು ಕುಗ್ಗಿಸುವುದು ಸುಲಭ. ಕೊರಳನ್ನು ಮೊದಲು ತುದಿಯತ್ತ ತುಸು ಸಣ್ಣಗಾಗುವಂತೆ ಓರೆಯಾಗಿ ತೆಗೆಯುತ್ತಾರೆ. ಮುಚ್ಚಳವನ್ನು ಮೆಲ್ಲಗೆ ಒತ್ತಿ ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದರೆ, ಎಲ್ಲಿ ಮುಚ್ಚಳ ತಡೆಯಿತೋ ಅಲ್ಲಿ ಕೊರಳಿನ ಮೇಲೆ ಹೊಳೆಯುವ ಗೆರೆಯೊಂದು ಮೂಡುತ್ತದೆ. ಆ ಗೆರೆಯೇ ಅಳತೆ. ಅದರ ಅಳತೆಗೆ ಉಳಿದ ಕೊರಳನ್ನು ನೆಟ್ಟಗೆ ತಂದರೆ ಮುಚ್ಚಳ ಕೂರುತ್ತದೆ. ಕ್ಯಾಲಿಪರ್ ಹಿಡಿದು ಅಳೆಯುವವರೂ ಕೊನೆಯ ಹಂತದಲ್ಲಿ ನಂಬುವುದು ಈ ಗೆರೆಯನ್ನು, ಮತ್ತು ಬೆರಳಿನ ತುದಿಯನ್ನು.

ಇಲ್ಲಿಗೆ ನಿಲ್ಲಿಸುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂತಿರುವಾಗಲೇ ಮತ್ತೆ ಮೋಟರು ಹಾಕುತ್ತಾರೆ. ಈಗ ಮುಚ್ಚಳ, ಡಬ್ಬಿ ಎರಡೂ ಒಂದೇ ತುಂಡಾಗಿ ಸುತ್ತುತ್ತವೆ. ಮುಚ್ಚಳದ ನೆತ್ತಿಯನ್ನು ಗುಮ್ಮಟ ಮಾಡುವುದು, ಮೇಲೆ ಹಿಡಿಯಲು ಮೊಗ್ಗು ತೆಗೆಯುವುದು, ಹೊರಮೈಯ ಸಾಲನ್ನು ಒಂದು ಮಾಡುವುದು ಈ ಹೊತ್ತಿನಲ್ಲಿ. ಎಲ್ಲ ಮುಗಿದ ಮೇಲೆ ಕೊರಳಿಗೆ ಕೊನೆಯ ಸವರು ಕೊಟ್ಟು, ಬಳಸುವಷ್ಟು ಸಡಿಲ ಮಾಡುತ್ತಾರೆ. ಕೆಲಸ ನಡೆಯುವಾಗ ಒಂದು ಬಿಗಿ, ಬಳಕೆಗೆ ಇನ್ನೊಂದು ಬಿಗಿ. ಈ ಎರಡರ ಅಂತರ ಪುಸ್ತಕದಲ್ಲಿ ಬರೆಯಲಾಗದ್ದು. ಬಲ್ಲವರ ಪಕ್ಕದಲ್ಲಿ ಕೂತು, ಅವರು ಕೊಟ್ಟ ಡಬ್ಬಿಯನ್ನು ತೆರೆದು ಮುಚ್ಚಿ, ಬೆರಳಿಗೆ ಒಪ್ಪಿಸಿಕೊಳ್ಳಬೇಕು.

> ಗೊಂಬೆಯೊಳಗಿನ ಗೊಂಬೆಯೂ ಡಬ್ಬಿಯೇ
> ರಷ್ಯಾದ ಮತ್ರ್ಯೋಷ್ಕಾ ಎಂದರೆ ಒಂದರೊಳಗೊಂದು ಕೂರುವ ಮುಚ್ಚಳದ ಡಬ್ಬಿಗಳು. 1890ರ ದಶಕದಲ್ಲಿ ಮೊದಲನೆಯದನ್ನು ಲೇಥಿನಲ್ಲಿ ಕಡೆದವರು ವಾಸಿಲಿ ಜ್ವ್ಯೋಜ್ದೋಚ್ಕಿನ್, ಬಣ್ಣ ಬರೆದವರು ಸೆರ್ಗೆಯ್ ಮಲ್ಯೂತಿನ್. ಎಂಟು ಗೊಂಬೆಗಳ ಆ ಕೂಟಕ್ಕೆ ಜಪಾನಿನ ಗೊಂಬೆಯೊಂದು ಪ್ರೇರಣೆ ಎನ್ನುತ್ತಾರೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದ ಬಳಿಕ ಅದು ಲೋಕವೆಲ್ಲ ಸುತ್ತಿತು. ಒಂದು ಕೂಟದ ಗೊಂಬೆಗಳನ್ನೆಲ್ಲ ಒಂದೇ ಮರದಿಂದ ಕಡೆಯುವುದು ವಾಡಿಕೆ. ಹಿಗ್ಗಿದರೂ ಕುಗ್ಗಿದರೂ ಎಲ್ಲವೂ ಒಂದೇ ಸಮನಾಗಿರಬೇಕು.

ಮಳೆಗಾಲದಲ್ಲಿ ಮುನಿಯುವ ಮುಚ್ಚಳ

ಮರ ಕಡಿದ ಮೇಲೂ ಉಸಿರಾಡುತ್ತದೆ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮ ಕುಗ್ಗಿದ್ದರೆ ತಾಪತ್ರಯವೇ ಇರಲಿಲ್ಲ. ವರ್ಷದ ಬಳೆಗಳ ಗುಂಟ ಆಗುವ ಕುಗ್ಗು, ನಡುವಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹೀಗಾಗಿ ದುಂಡಗೆ ಕಡೆದ ಬಾಯಿ ದಿನ ಕಳೆದಂತೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಡಬ್ಬಿ ಒಂದು ಕಡೆಗೆ, ಮುಚ್ಚಳ ಇನ್ನೊಂದು ಕಡೆಗೆ ವಾಲಿದರೆ, ಒಂದು ಕೋನದಲ್ಲಿ ಕೂರುವ ಮುಚ್ಚಳ ಇನ್ನೊಂದು ಕೋನದಲ್ಲಿ ಕೂರದು. ನಮ್ಮ ಮನೆಗಳ ಹಳೆಯ ಭರಣಿಗಳು ಆಷಾಢದಲ್ಲಿ ಬಾಯಿ ಬಿಡದೆ ಮುನಿಯುವುದೂ, ಶಿವರಾತ್ರಿಯ ಹೊತ್ತಿಗೆ ಸಡಿಲಾಗುವುದೂ ಇದರಿಂದಲೇ.

ಇದಕ್ಕೆ ಪರಿಹಾರ ತಾಳ್ಮೆಯೊಂದೇ. ಒಳ್ಳೆಯ ಡಬ್ಬಿಯನ್ನು ಒಂದೇ ದಿನ ಮುಗಿಸಬಾರದು. ಮೊದಲು ಗೋಡೆ ದಪ್ಪವಿಟ್ಟು ಒರಟಾಗಿ ತೋಡಿ, ವಾರಗಟ್ಟಲೆ ನೆರಳಲ್ಲಿ ಬಿಡಬೇಕು. ಅದು ಎಷ್ಟು ಓರೆಯಾಗಬೇಕೋ ಅಷ್ಟು ಆಗಲಿ. ಆಮೇಲೆ ಮತ್ತೆ ಲೇಥಿಗೇರಿಸಿ ಮುಚ್ಚಳ ಕೂರಿಸಿದರೆ ಮುಂದೆ ಹೆಚ್ಚು ಕದಲುವುದಿಲ್ಲ. ದಿನಕ್ಕಿಷ್ಟು ಎಂದು ಲೆಕ್ಕ ಕೊಡಬೇಕಾದವರಿಗೆ ಈ ಕಾಯುವಿಕೆ ಕೈಗೆಟುಕದು. ಅಗ್ಗದ ಭರಣಿಯ ಮುಚ್ಚಳ ಬೇಗ ಕೆಡುವುದಕ್ಕೆ ಕಸುಬುದಾರನ ಕೈಯನ್ನು ದೂರುವುದು ತಪ್ಪು. ನಾವು ಕೊಡುವ ಬೆಲೆಯಲ್ಲಿ ಕಾಯುವಷ್ಟು ದಿನಗಳೇ ಇರುವುದಿಲ್ಲ.

ಅರಗು ಕರಗುವ ಹೊತ್ತು

ಕೊನೆಗೆ ಬಣ್ಣ. ಕುಂಚವಿಲ್ಲ, ಡಬ್ಬದ ಪೇಂಟಿಲ್ಲ. ಮುತ್ತುಗ, ಬೋರೆಯಂಥ ಮರಗಳ ರೆಂಬೆಯ ಮೇಲೆ ಬೀಡುಬಿಡುವ ಪುಟ್ಟ ಕೀಟಗಳು ಒಸರಿಸುವ ರಾಳವೇ ಅರಗು. ಜಾರ್ಖಂಡ್ ಅದರ ತವರು; ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1920ರ ದಶಕದಲ್ಲಿ ಅರಗಿನ ಸಂಶೋಧನೆಗೆಂದೇ ಸಂಸ್ಥೆಯೊಂದು ಶುರುವಾಯಿತು. ಅರಗನ್ನು ಬಿಸಿ ಮಾಡಿ, ಅರಿಸಿನ, ನೀಲಿಯಂಥ ಬಣ್ಣ ಬೆರೆಸಿ, ನಾದಿ, ಎಳೆದು, ಬಳಪದಂಥ ಕಡ್ಡಿ ಮಾಡಿಕೊಳ್ಳುತ್ತಾರೆ.

ಸುತ್ತುತ್ತಿರುವ ಡಬ್ಬಿಗೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗುತ್ತದೆ. ಬೆಂಕಿ ಬೇಡ, 75–80 ಡಿಗ್ರಿ ಸೆಲ್ಸಿಯಸ್ ಸಾಕು. ಬಣ್ಣ ಮರಕ್ಕೆ ಹತ್ತಿ ಮೊದಲು ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಆಗ ಒಣಗಿದ ಕೇದಗೆಯ ಗರಿಯನ್ನು ಮಡಿಸಿ ಒತ್ತುತ್ತಾರೆ. ಮಚ್ಚೆಗಳು ಹರಡಿ, ಬೆರೆತು, ಕನ್ನಡಿಯ ಹೊಳಪು ಬರುತ್ತದೆ. ಗರಿಯ ಬದಲಿಗೆ ಬೇರೆ ಏನೇನೋ ಬಂದಿವೆ, ಕೇದಗೆಯ ಹೊಳಪು ಅವಕ್ಕಿಲ್ಲ.

ಡಬ್ಬಿಗೆ ಬಣ್ಣ ಹಾಕುವುದು ಮುಚ್ಚಳ ಹಾಕಿದಂತೆಯೇ. ಗೆರೆಗಳೆಲ್ಲ ಒಂದೇ ಉಸಿರಿಗೆ ಹಾಯ್ದು ಹೋಗುವುದರಿಂದ ಮುಚ್ಚಳ ಎಲ್ಲಿ ಮುಗಿದು ಡಬ್ಬಿ ಎಲ್ಲಿ ಶುರುವಾಯಿತೆಂಬುದು ಮೇಲ್ನೋಟಕ್ಕೆ ತಿಳಿಯದು. ಚಾಣಾಕ್ಷರು ಸಂದು ಬರುವಲ್ಲಿಯೇ ಒಂದು ಕಪ್ಪು ಗೆರೆ ಎಳೆದು ಅದನ್ನು ಅಡಗಿಸುತ್ತಾರೆ. ಬಣ್ಣವಿಲ್ಲದ ತೇಗ, ಬೀಟೆಯ ಡಬ್ಬಿಗಳಲ್ಲಿ ಈ ಅನುಕೂಲವಿಲ್ಲ. ಮುಚ್ಚಳದ ಎಳೆ ಡಬ್ಬಿಯ ಎಳೆಗೆ ಸೇರಿಕೊಳ್ಳಲೇಬೇಕು. ಕತ್ತರಿಸುವಾಗ ಹೋದ ಮರ ಹೆಚ್ಚಾದಷ್ಟೂ ಎಳೆ ತಪ್ಪುತ್ತದೆ. ಅದಕ್ಕೇ ಅಂಥ ಕೆಲಸಕ್ಕೆ ಕಾಗದದಷ್ಟು ತೆಳ್ಳಗಿನ ಉಳಿ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ

ಡಬ್ಬಿಗೆ ಗಿರಾಕಿ ಎಲ್ಲಿ ಎಂದು ಕೇಳುವವರು ಒಮ್ಮೆ ನಮ್ಮ ಜಾತ್ರೆಗಳನ್ನು ಸುತ್ತಬೇಕು. ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರ ಜಯಂತಿಗೆ ದೇಶದ ಮೂಲೆಮೂಲೆಯ ಬಂಜಾರರು ಸೇರುತ್ತಾರೆ. ಜಗಳೂರು ಸೀಮೆಯ ಕೊಡದಗುಡ್ಡದ ವೀರಭದ್ರನಿಗೆ ನಡೆದುಕೊಳ್ಳುವವರಿಗೆ ಲೆಕ್ಕವಿಲ್ಲ. ಕುಂಕುಮ, ಬಳೆಯ ಅಂಗಡಿಯಿಲ್ಲದ ಜಾತ್ರೆಯುಂಟೇ? ಇನ್ನು ಚನ್ನಗಿರಿ ಅಡಿಕೆಯ ಪೇಟೆ. ಅಡಿಕೆ ಮಾರಾಟಕ್ಕೆ ದೊಡ್ಡ ಸಹಕಾರ ಸಂಘ ಕಟ್ಟಿಕೊಂಡ ಊರು. ಇಷ್ಟು ಅಡಿಕೆ ಬೆಳೆಯುವ ಸೀಮೆ ತನ್ನದೇ ಒಂದು ಅಡಿಕೆ ಡಬ್ಬಿಯನ್ನು ಕಡೆಯಬೇಕು ಎಂಬುದು ನನ್ನ ಬಲವಾದ ಅನ್ನಿಸಿಕೆ. ಮದುವೆಯ ತಾಂಬೂಲಕ್ಕೆ ಪ್ಲಾಸ್ಟಿಕ್ ಬುಟ್ಟಿ ಹಂಚುವ ಮನೆಗಳು ಅಂಥದ್ದೊಂದು ಡಬ್ಬಿ ಸಿಕ್ಕರೆ ಬೇಡವೆನ್ನುವುದಿಲ್ಲ.

ಹೊನ್ನಾಳಿಯ ಬಡಗಿಯೊಬ್ಬರು ನಾಳೆ ಶುರು ಮಾಡುವುದಾದರೆ ಹೊಸ ಯಂತ್ರವೇ ಬೇಕೆಂದಿಲ್ಲ. ಮಂಚದ ಕಾಲು ಕಡೆಯುವ ಲೇಥಿಗೆ ಒಂದೇ ತುದಿಯಿಂದ ಹಿಡಿಯುವ ಚಕ್ ಸೇರಿಸಿದರೆ ಅರ್ಧ ದಾರಿ ಸಾಗಿದಂತೆ. ಬಗರಿ, ಲಟ್ಟಣಿಗೆಯಲ್ಲಿ ಉಳಿ ಪಳಗಿಸಿ, ಮುಚ್ಚಳವಿಲ್ಲದ ಬಟ್ಟಲು ತೋಡಿ, ಆಮೇಲೆ ಮುಚ್ಚಳಕ್ಕೆ ಬರುವುದು ಕಲಿಕೆಯ ಕ್ರಮ. ಬಟ್ಟಲಿನವರೆಗೆ ತಾನೇ ಕಲಿಯಬಹುದು. ಮುಚ್ಚಳಕ್ಕೆ ಗುರು ಬೇಕು. ಜಿಲ್ಲೆಯ ಕೈಗಾರಿಕಾ ಕೇಂದ್ರವೋ, ಯಾವುದಾದರೂ ಮಠದ ತರಬೇತಿ ಶಾಲೆಯೋ ಚನ್ನಪಟ್ಟಣದ ಹಿರಿಯ ಕುಶಲಕರ್ಮಿಯೊಬ್ಬರನ್ನು ಒಂದು ಋತುವಿನ ಮಟ್ಟಿಗೆ ಇಲ್ಲಿಗೆ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಹತ್ತಾರು ಮಂದಿಯನ್ನು ಅವರ ಪಕ್ಕದಲ್ಲಿ ಕೂರಿಸಬೇಕು. ಅರಗಿನ ಬಣ್ಣದ ಹೆಸರು ಚನ್ನಪಟ್ಟಣದ್ದು, ಅದು ಅವರಿಗೇ ಇರಲಿ. ನಾವು ನಮ್ಮ ಬೇವು, ಮಾವುಗಳ ಬಣ್ಣದಲ್ಲಿಯೇ, ಎಣ್ಣೆ ಉಜ್ಜಿದ ಬರೀ ಮರದ ಡಬ್ಬಿ ಮಾಡೋಣ.

> ಕೊಳ್ಳುವ ಮುನ್ನ
> ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲ ಕೋನದಲ್ಲೂ ಬಿಗಿ ಒಂದೇ ಇರಬೇಕು. ಒಳತಳಕ್ಕೆ ಬೆರಳಾಡಿಸಿ; ನಡುವೆ ಮೊಳೆಯಂಥ ಗುಬುಟು ಉಳಿದಿದ್ದರೆ ಅವಸರದ ಕೆಲಸ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದರೆ ಬಣ್ಣ ಹತ್ತಬಾರದು. ಅರಗು ಬಿಸಿಗೆ ಮೆತ್ತಗಾಗುವ ವಸ್ತು. ಒಲೆಯ ಪಕ್ಕ, ಕಾರಿನ ಗಾಜಿನ ಹಿಂದೆ ಇಡಬೇಡಿ. ದೇವರ ಮನೆಯ ಕುಂಕುಮದ ಭರಣಿಗಾದರೆ ಮುಚ್ಚಳ ಒಂದೇ ಕೈಯಲ್ಲಿ ಮೇಲೆ ಬರಬೇಕು, ಇನ್ನೊಂದು ಕೈಯಲ್ಲಿ ಆರತಿ ತಟ್ಟೆ ಇರುತ್ತದೆ. ಚೀಲದಲ್ಲಿ ಒಯ್ಯುವ ಅಡಿಕೆ ಡಬ್ಬಿಗಾದರೆ ತೆರೆಯಲು ಎರಡು ಕೈ ಬೇಕು. ಯಾವುದಕ್ಕೆಂದು ಕಡೆಯುವವರಿಗೆ ಮೊದಲೇ ಹೇಳಿ.